ಕೇಳಿ, ಹೇಳ್ತೀವಿ: ಚೆಂಡು ಮುಟ್ಟದವನಿಗೆ ಇಷ್ಟು ದುಡ್ಡಾ?

ಪ್ರಶ್ನೆ: ಮಗಳು, ಅಳಿಯ ಅಮೆರಿಕದಲ್ಲಿದ್ದಾರೆ. ಅಳಿಯಂದಿರಿಗೆ ಅಲ್ಲಿನ ಫುಟ್‌ಬಾಲ್ ಹುಚ್ಚು. ಆರನ್ ಡೊನಾಲ್ಡ್ ಅಂತ ಒಬ್ಬನ ವಿಡಿಯೊ ಕಳಿಸ್ತಾನೇ ಇರ್ತಾರೆ. ಅವನು ಚೆಂಡು ಮುಟ್ಟಿದ್ದನ್ನೇ ನಾನು ನೋಡಲಿಲ್ಲ. ಅಂಥವನಿಗೆ ಕೋಟಿ ಕೋಟಿ ಯಾಕೆ ಕೊಟ್ಟರು?
– ನಿವೃತ್ತ ಮೇಷ್ಟ್ರು, ಚಿಂತಾಮಣಿ

ಉತ್ತರ: ಅವನ ಕೆಲಸ ಚೆಂಡು ಹಿಡಿಯೋದಲ್ಲ ಮೇಷ್ಟ್ರೇ, ಚೆಂಡು ಇರೋನನ್ನು ಹಿಡಿಯೋದು. ಎಸೆಯುವವನು ಕ್ವಾರ್ಟರ್‌ಬ್ಯಾಕ್. ಅವನಿಗೆ ಸಿಗೋದು ಎರಡು ಮೂರು ಸೆಕೆಂಡು, ಅಷ್ಟೇ. ಅವನ ಮುಂದೆ ಒಬ್ಬೊಬ್ಬರೂ ಸುಮಾರು 140 ಕಿಲೋ ತೂಗುವ ಐದು ಜನ ಅಡ್ಡ ನಿಂತಿರ್ತಾರೆ. ಅವರ ನಡುವೆ ನುಗ್ಗಿ, ಎಸೆಯುವ ಮೊದಲೇ ಅವನನ್ನು ಕೆಡವಿದರೆ ಅದು ಸ್ಯಾಕ್. ಡೊನಾಲ್ಡ್ ಡಿಫೆನ್ಸಿವ್ ಟ್ಯಾಕಲ್, ಅಂದರೆ ನುಗ್ಗೋದು ಪಕ್ಕದಿಂದ ಅಲ್ಲ, ನಟ್ಟನಡುವಿನಿಂದ. ಅಲ್ಲಿ ಜಾಗವೇ ಇರಲ್ಲ, ಜೊತೆಗೆ ಅವನನ್ನು ತಡೆಯೋಕೆ ಹೆಚ್ಚಾಗಿ ಇಬ್ಬಿಬ್ಬರನ್ನು ಬಿಡ್ತಿದ್ದರು, ಅಷ್ಟಾದರೂ 2018ರ ಒಂದೇ ಸೀಸನ್‌ನಲ್ಲಿ 20.5 ಸ್ಯಾಕ್ ಮಾಡಿದ. ಇಬ್ಬರು ಸೇರಿ ಕೆಡವಿದರೆ ಆಳಿಗೆ ಅರ್ಧ, ಅದಕ್ಕೇ ಆ .5.

ಆದರೆ ಅವನ ಬೆಲೆ ಗೊತ್ತಾಗಬೇಕಾದರೆ ಸ್ಯಾಕ್ ಲೆಕ್ಕ ಬಿಡಿ. ಅಳಿಯಂದಿರಿಗೆ ಹೇಳಿ 2022ರ ಫೆಬ್ರುವರಿಯ ಸೂಪರ್ ಬೌಲ್ ಫೈನಲ್‌ನ ಕೊನೇ ನಿಮಿಷ ಹಾಕಿಸಿಕೊಳ್ಳಿ. ಡೊನಾಲ್ಡ್‌ನ ರ‍್ಯಾಮ್ಸ್ 23, ಸಿನ್ಸಿನಾಟಿಯ ಬೆಂಗಾಲ್ಸ್ 20. ನಾಲ್ಕು ಅವಕಾಶದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಬೆಂಗಾಲ್ಸ್‌ಗೆ ಇನ್ನೊಂದೇ ಗಜ ಬಾಕಿ. ಮೂರನೇ ಅವಕಾಶದಲ್ಲಿ ಚೆಂಡು ಹಿಡಿದು ಓಡಿದವನನ್ನು ಡೊನಾಲ್ಡ್ ಅಲ್ಲೇ ನಿಲ್ಲಿಸಿದ. ನಾಲ್ಕನೆಯದರಲ್ಲಿ ನೇರ ಅವರ ಕ್ವಾರ್ಟರ್‌ಬ್ಯಾಕ್ ಜೋ ಬರೋ ಮೇಲೇ ಹೋಗಿ ಸೊಂಟ ಹಿಡಿದು ತಿರುಗಿಸಿದ. ಬರೋ ಬೀಳ್ತಾ ಬೀಳ್ತಾ ಚೆಂಡನ್ನು ಹೇಗೋ ಎಸೆದ, ಅದು ಯಾರ ಕೈಗೂ ಸಿಗಲಿಲ್ಲ. ಕತೆ ಮುಗೀತು. ಚೆಂಡು ಕೈ ಬಿಟ್ಟಿದ್ದರಿಂದ ಅದು ಸ್ಯಾಕ್ ಅಂತ ಲೆಕ್ಕಕ್ಕೂ ಬರಲಿಲ್ಲ! ಪಂದ್ಯಶ್ರೇಷ್ಠ ಪ್ರಶಸ್ತಿಯೂ ಚೆಂಡು ಹಿಡಿಯುವ ಕೂಪರ್ ಕಪ್‌ಗೆ ಹೋಯ್ತು. ನಮ್ಮ ಕಬಡ್ಡಿಯಲ್ಲೂ ಹೆಸರು ರೈಡರ್‌ಗೇ ಅಲ್ವಾ? ಅಲ್ಲಾದರೂ ಹಿಡಿದವನಿಗೆ ಪಾಯಿಂಟ್ ಸಿಗುತ್ತೆ.

ದುಡ್ಡು ಕೊಡುವವರಿಗೆ ಮಾತ್ರ ಇದೆಲ್ಲ ಚೆನ್ನಾಗಿ ಗೊತ್ತು. 2018ರಲ್ಲಿ ಸಂಬಳ ಸಾಲದು ಅಂತ ಅವನು ಅಭ್ಯಾಸ ಶಿಬಿರಕ್ಕೇ ಹೋಗದೆ ಮನೆಯಲ್ಲಿ ಕೂತ. ಕೊನೆಗೆ ಆರು ವರ್ಷಕ್ಕೆ 13.5 ಕೋಟಿ ಡಾಲರ್ ಒಪ್ಪಂದ ಆಯ್ತು. ಆವರೆಗೆ ಯಾವ ಡಿಫೆನ್ಸ್ ಆಟಗಾರನಿಗೂ ಅಷ್ಟು ಸಿಕ್ಕಿರಲಿಲ್ಲ. ಮಾರನೇ ದಿನವೇ ಇನ್ನೊಬ್ಬ ಡಿಫೆನ್ಸ್ ಆಟಗಾರ ಖಲೀಲ್ ಮ್ಯಾಕ್‌ಗೆ 14.1 ಕೋಟಿ ಕೊಟ್ಟರು, ಅದು ಬೇರೆ ವಿಷಯ.

ಪ್ರಶ್ನೆ: ನಾನು ಪಿಯುಸಿ, ಕಾಲೇಜ್ ಕಬಡ್ಡಿ ಟೀಮಲ್ಲಿ ಕಾರ್ನರ್. ಎತ್ತರ 5 ಅಡಿ 9 ಇಂಚು. ಡೊನಾಲ್ಡ್ ಕೂಡ ಕುಳ್ಳ ಅಂತಾರೆ. ನಾನೂ ಆ ಲೈನಿಗೆ ಹೋಗಬಹುದಾ ಸಾರ್?
– ಗುಬ್ಬಿ, ತುಮಕೂರು ಜಿಲ್ಲೆ

ಉತ್ತರ: ತಮ್ಮಾ, ಅವರ ಕುಳ್ಳ ಅಂದರೆ 6 ಅಡಿ 1 ಇಂಚು, 127 ಕಿಲೋ! ಸೈಜ್ ಸಾಲದು ಅಂತ ಅನುಮಾನ ಪಟ್ಟಿದ್ದು ನಿಜ, 2014ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳೋದು) ಅವನಿಗಿಂತ ಮೊದಲು 12 ಜನರನ್ನು ಆರಿಸಿಕೊಂಡರು. ಆದರೆ ಅವನು ಹೈಸ್ಕೂಲ್ ಹುಡುಗನಾಗಿದ್ದಾಗಲೇ ಅಪ್ಪ ಬೆಳಗಿನ ಜಾವ ನಾಲ್ಕೂವರೆಗೆ ಎಬ್ಬಿಸಿ ಮನೆಯ ನೆಲಮಾಳಿಗೆಯಲ್ಲಿ ಭಾರ ಎತ್ತಿಸ್ತಿದ್ದರು. ಹೊರದೇಶದವರಿಗೆ ದಾರಿ ಇಲ್ಲ ಅಂತಲ್ಲ. 2017ರಿಂದ ಎನ್‌ಎಫ್‌ಎಲ್, ಅಂದರೆ ಅಲ್ಲಿನ ಫುಟ್‌ಬಾಲ್ ಲೀಗ್, ಬೇರೆ ದೇಶದ ಆಟಗಾರರಿಗೆ ಅಂತಲೇ ಒಂದು ತರಬೇತಿ ಯೋಜನೆ ನಡೆಸ್ತಿದೆ. ನೈಜೀರಿಯಾದಲ್ಲಿ ಹುಟ್ಟಿ, ಲಂಡನ್ನಿನಲ್ಲಿ ದಿಕ್ಕಿಲ್ಲದೆ ಬೆಳೆದು, ಗೋದಾಮಿನಲ್ಲಿ ದುಡಿದ ಎಫೆ ಒಬಾಡ ಅದರಿಂದಲೇ ಕೆರೊಲಿನಾ ತಂಡದ ಡಿಫೆನ್ಸ್‌ಗೆ ಬಂದ. ನಿನಗೆ ನನ್ನ ನೇರ ಮಾತು: ಕಬಡ್ಡಿ ಬಿಡಬೇಡ. ನಿನ್ನ ಎತ್ತರಕ್ಕೆ ಕಾರ್ನರ್ ಜಾಗ ಹೇಳಿ ಮಾಡಿಸಿದ್ದು.

ಪ್ರಶ್ನೆ: ಡೊನಾಲ್ಡ್ 32ಕ್ಕೇ ನಿವೃತ್ತಿ! ಕಾಲು ಮುರಿದಿತ್ತಾ?
– ಮಾಲೂರು, ಕೋಲಾರ ಜಿಲ್ಲೆ

ಉತ್ತರ: ಇಲ್ಲ, ಗಟ್ಟಿಮುಟ್ಟಾಗೇ ಇದ್ದ. ಒಪ್ಪಂದ ಇನ್ನೊಂದು ವರ್ಷ ಬಾಕಿ ಇರುವಾಗಲೇ, 2024ರ ಮಾರ್ಚ್‌ನಲ್ಲಿ ಸಾಕು ಅಂದ. ಹತ್ತು ಸೀಸನ್, ಒಟ್ಟು 111 ಸ್ಯಾಕ್, ಮೂರು ಸಲ ವರ್ಷದ ಅತ್ಯುತ್ತಮ ಡಿಫೆನ್ಸ್ ಆಟಗಾರ. ಹಾಲ್ ಆಫ್ ಫೇಮ್‌ಗೆ, ಅಂದರೆ ಆ ಆಟದ ದಿಗ್ಗಜರ ಪಟ್ಟಿಗೆ ಸೇರೋಕೆ, ಆಟ ಬಿಟ್ಟು ಐದು ವರ್ಷ ಆಗಬೇಕು, ಹಾಗಾಗಿ ಅವನ ಹೆಸರು ಬರೋದು 2029ಕ್ಕೆ. ಮೊದಲ ಸಲಕ್ಕೇ ಆಯ್ಕೆ ಆಗದಿದ್ದರೆ ನನಗೆ ಇನ್ನೊಂದು ಕಾಗದ ಬರೆಯಿರಿ, ಸುಮ್ನೆ ಬೈಸಿಕೊಳ್ತೀನಿ.