ಅಟ್ಟದ ಮೇಲೆ 186 ಗಂಟೆ ಕೆಲಸ

ಮೊದಲು ಫೋನ್ ಮಾಡಿದ್ದು ಗಂಡ. "ಮೇಡಂ, ಹೇಳಿದ್ರೆ ನಗ್ತೀರ, ಹಾಲಿನ ಕವರ್ ವಿಷಯಕ್ಕೆ ನಮ್ಮನೇಲಿ ಮೂರು ದಿನದಿಂದ ಯಾರೂ ಮಾತಾಡ್ತಿಲ್ಲ" ಅಂದ್ರು. ನಾನೇನೂ ನಗಲಿಲ್ಲ. ಆಪ್ತಸಲಹೆ ಕೊಡೋ ಈ ಕೆಲಸದಲ್ಲಿ ಇಷ್ಟು ವರ್ಷ ಕೂತು ನೋಡಿದ್ದು ಏನಂದ್ರೆ, ಆಸ್ತಿ ಜಗಳ ಹೇಳ್ಕೊಂಡು ಬರೋರಿಗಿಂತ ಗೀಸರ್ ಸ್ವಿಚ್ಚು, ಟವಲ್ ಒಣಗಾಕೋ ಜಾಗ ಅಂತ ಹೇಳ್ಕೊಂಡು ಬರೋರೇ ಜಾಸ್ತಿ, ಮತ್ತೆ ಅವ್ರ ನೋವೇನೂ ಕಮ್ಮಿ ಇರಲ್ಲ.

ಗುರುತು ಸಿಗಬಾರ್ದು ಅಂತ ವಯಸ್ಸು, ಕೆಲಸ, ಏರಿಯಾ ಬದಲಾಯಿಸಿದೀನಿ, ಅವ್ರ ಹೆಂಡತಿ ಒಪ್ಪಿಗೆ ತಗೊಂಡೇ ಬರೀತಿದೀನಿ. ಆಕೆಯನ್ನ 'ಸ' ಅನ್ನೋಣ. 46 ವರ್ಷ, ಮೈಸೂರು, ಗೃಹಿಣಿ. ಮನೇಲಿ ಗಂಡ, ಪಿಯುಸಿ ಓದೋ ಮಗ, ಮಂಡಿ ನೋವಿನ ಅತ್ತೆ. ಎರಡು ವರ್ಷದ ಹಿಂದೆ ಗಂಡನ ಫ್ಯಾಕ್ಟರಿ ಕೆಲಸ ಹೋಗಿ ಈಗ ಕಮ್ಮಿ ಸಂಬಳದ ಬೇರೆ ಕೆಲಸ. ಕೆಲಸ ಹೋದ ದಿನ ಸ ಅಳಲಿಲ್ವಂತೆ, ಟೀವಿ ಕೇಬಲ್ ಕಟ್ ಮಾಡಿಸಿ, ಮನೆಕೆಲಸದವ್ರನ್ನ ಬಿಡಿಸಿ, "ನಮ್ಮಜ್ಜಿ ಹೆಂಗೆ ಸಂಸಾರ ಮಾಡಿದ್ರೋ ಹಂಗೆ ಮಾಡಿ ತೋರಿಸ್ತೀನಿ" ಅಂದ್ರಂತೆ.

ಮಾಡಿನೂ ತೋರಿಸಿದ್ರು. ಸಾರಿನ ಪುಡಿ, ಹುಳಿ ಪುಡಿ, ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಎಲ್ಲಾ ಮನೇಲೇ. ಸೀಗೆಪುಡಿ, ಅಂಟುವಾಳ. ವಾಷಿಂಗ್ ಮೆಷಿನ್ ವಾರಕ್ಕೆ ಒಂದೇ ಸಲ, ಮಿಕ್ಕಿದ್ದು ಕೈಯಲ್ಲೇ. ಮನೆಗೆ ಬಂದ ಯಾವ ಬಾಟ್ಲು, ಡಬ್ಬ, ದಾರ, ರಬ್ಬರ್‌ಬ್ಯಾಂಡೂ ಹೊರಗೆ ಹೋಗಂಗಿಲ್ಲ. ನೆಂಟರೆಲ್ಲಾ ಹೊಗಳಿದ್ರು, ಗಂಡನೂ ಎಲ್ಲರ ಮುಂದೆ "ನಮ್ಮವಳು ಒಂದು ರೂಪಾಯಿ ವೇಸ್ಟ್ ಮಾಡಲ್ಲ" ಅಂತ ಹೇಳ್ಕೊಂಡು ಓಡಾಡಿದ್ರು. ಆ ಹೊಗಳಿಕೆನೇ ಆಕೆ ಕತ್ತಿಗೆ ಸುತ್ಕೊಂಡಿದ್ದು ಅಂತ ನನಗೆ ಆಮೇಲೆ ಗೊತ್ತಾಯ್ತು.

ಎರಡು ವರ್ಷ ಆಗೋಷ್ಟರಲ್ಲಿ ಅಟ್ಟ ತುಂಬಿತ್ತು, ಅತ್ತೆ ಮಂಚದ ಕೆಳಗೆ ತುಂಬಿತ್ತು, ಬಾಲ್ಕನೀಲಿ ಕಾಲಿಡೋಕೆ ಜಾಗ ಇಲ್ಲ. ರಾತ್ರಿ ನಿದ್ದೆ ಇಲ್ಲ, ಭುಜ ನೋವು, ಸಣ್ಣದಕ್ಕೂ ಸಿಡುಕು. ಒಂದಿನ ಮಗ, ತೊಳೆದು ದಾರಕ್ಕೆ ನೇತಾಕಿದ್ದ ಹಾಲಿನ ಕವರ್‌ಗಳನ್ನ ಫ್ರೆಂಡ್ಸ್ ಬರ್ತಾರೆ, ಮಾನ ಹೋಗುತ್ತೆ ಅಂತ ಎಲ್ಲಾ ಕಿತ್ತು ಕಸಕ್ಕೆ ಹಾಕಿದಾನೆ. ಸ ಅವನ ಕೆನ್ನೆಗೆ ಬಾರಿಸಿದಾರೆ. ಹದಿನೇಳು ವರ್ಷದಲ್ಲಿ ಮೊದಲನೇ ಸಲ. ಗಂಡ ಇಂಟರ್ನೆಟ್‌ನಲ್ಲಿ ಏನೋ ಓದ್ಕೊಂಡು "ಇದು ವಸ್ತು ಗುಡ್ಡೆ ಹಾಕೋ ಖಾಯಿಲೆ ಮೇಡಂ, ನಾನೇ ಪತ್ತೆ ಮಾಡಿದೆ" ಅಂತ ಆಕೆಯನ್ನ ಕರ್ಕೊಂಡ್ ಬಂದ್ರು.

ಈ ಖಾಯಿಲೆ ಬಗ್ಗೆ ಒಂದು ಮಾತು ಹೇಳ್ಬಿಡ್ತೀನಿ, ಯಾಕಂದ್ರೆ ಈಗ ಮನೆಮನೇಲೂ ಡಾಕ್ಟ್ರು ಇದಾರೆ. ಹೋರ್ಡಿಂಗ್ ಡಿಸಾರ್ಡರ್ ಅಂತ ನಿಜವಾಗ್ಲೂ ಒಂದು ತೊಂದರೆ ಇದೆ, 2013ರಲ್ಲಿ ಬಂದ ಡಿಎಸ್‌ಎಂ-5ರಲ್ಲಿ (ಮಾನಸಿಕ ಕಾಯಿಲೆ ಗುರುತಿಸೋಕೆ ಡಾಕ್ಟ್ರುಗಳು ನೋಡೋ ಕೈಪಿಡಿ) ಅದನ್ನ ಬೇರೆ ಕಾಯಿಲೆಯಾಗೇ ಸೇರಿಸಿದ್ರು, ಅದಕ್ಕೂ ಮುಂಚೆ ಒಸಿಡಿ, ಅಂದ್ರೆ ಗೀಳು ಕಾಯಿಲೆ ಜೊತೆಲೇ ನೋಡ್ತಿದ್ರು. ಬೆಲೆ ಇರ್ಲಿ ಬಿಡ್ಲಿ ಬಿಸಾಕೋಕೇ ಆಗದೇ ಇರೋದು, ಬಿಸಾಕ್ಬೇಕು ಅಂದ್ರೆ ವಿಪರೀತ ಸಂಕಟ ಆಗೋದು, ಕೊನೆಗೆ ಅಡುಗೆಮನೇಲಿ ಅಡುಗೆ ಮಾಡೋಕಾಗಲ್ಲ, ಮಂಚದ ಮೇಲೆ ಮಲಗೋಕಾಗಲ್ಲ ಅನ್ನೋ ಸ್ಥಿತಿಗೆ ಬರೋದು. ಅಂಥವ್ರಿಗೆ ನನ್ನಂಥ ಆಪ್ತಸಲಹೆಗಾರರೊಬ್ಬರೇ ಸಾಕಾಗಲ್ಲ, ಮನೋವೈದ್ಯರು ಬೇಕು. ಎಲ್ಲಿಗೆ ಹೋಗ್ಬೇಕು ಗೊತ್ತಿಲ್ಲ ಅನ್ನೋರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡ್ಬಹುದು, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಆದ್ರೆ ಸ ಅಡುಗೆಮನೆ ಫೋಟೋ ತೋರಿಸಿದ್ರು, ಕಟ್ಟೆ ಕನ್ನಡಿ ಹಂಗಿತ್ತು. ಯಾವ ಡಬ್ಬದಲ್ಲಿ ಏನಿದೆ, ಯಾಕಿದೆ ಅಂತ ಬಾಯಿಪಾಠ ಒಪ್ಪಿಸಿದ್ರು. ಇದು ಆ ಖಾಯಿಲೆ ಅಲ್ಲ ಅಂತ ನನಗೆ ಅನ್ನಿಸ್ತು. ಏನು ಅಂತ ಮಾತ್ರ ಗೊತ್ತಾಗ್ಲಿಲ್ಲ. ನಿದ್ದೆ, ಸುಸ್ತು, ಸಿಡುಕು ಮೂರೂ ಒಟ್ಟಿಗೆ ಇದ್ದಿದ್ರಿಂದ ಮೊದಲು ಒಂದು ಬ್ಲಡ್ ಟೆಸ್ಟ್, ಥೈರಾಯ್ಡ್ ಮಾಡಿಸ್ಕೊಂಡು ಬನ್ನಿ ಅಂದೆ. ಥೈರಾಯ್ಡ್ ಸರಿ ಇತ್ತು, ಹಿಮೋಗ್ಲೋಬಿನ್ ಕಮ್ಮಿ ಇತ್ತು, ಡಾಕ್ಟ್ರು ಮಾತ್ರೆ ಕೊಟ್ರು. ಎಲ್ಲರಿಗೂ ಬಡಿಸಿ ತಳದಲ್ಲಿ ಮಿಕ್ಕಿದ್ದು ಉಣ್ಣೋ ಹೆಂಗಸಿಗೆ ರಕ್ತ ಎಲ್ಲಿಂದ ಬರ್ಬೇಕು.

ಮೊದಲನೇ ಸಿಟ್ಟಿಂಗಲ್ಲಿ ನಾನೂ ಒಂದು ಎಡವಟ್ಟು ಮಾಡಿದೆ. ಎಲ್ಲರೂ ಹೇಳೋ ರೂಲೇ ಹೇಳಿದೆ, ಒಂದು ವರ್ಷ ಮುಟ್ಟದೇ ಇರೋದನ್ನ ಕೊಟ್ಬಿಡಿ ಅಂತ. ಸ ನನ್ನ ಮುಖ ನೋಡಿ ನಿಧಾನಕ್ಕೆ ಕೇಳಿದ್ರು, "ದಸರಾ ಗೊಂಬೆ ಪೆಟ್ಟಿಗೆ ವರ್ಷಕ್ಕೆ ಒಂದೇ ಸಲ ತೆಗಿಯೋದು, ನೀರು ತುಂಬೋ ಹಬ್ಬದ ಹಂಡೆನೂ ಅಷ್ಟೇ. ಅವೂ ಕೊಟ್ಬಿಡ್ಲಾ ಮೇಡಂ? ಪಟ್ಟದ ಗೊಂಬೆ ಸುತ್ತಿಟ್ಟಿರೋದು ನಮ್ಮಪ್ಪನ ಹಳೇ ಪಂಚೇಲಿ, ಅದನ್ನ ಮಸಿಬಟ್ಟೆ ಲೆಕ್ಕಕ್ಕೆ ಹಾಕ್ಲಾ?" ನನ್ನ ಹತ್ರ ಉತ್ತರ ಇರ್ಲಿಲ್ಲ. ಮುಂದಿನ ವಾರ ಬಂದಾಗ ಒಂದು ಚೀಲನೂ ಕಮ್ಮಿ ಆಗಿರ್ಲಿಲ್ಲ, ಬದಲಿಗೆ ಪಕ್ಕದ ಮನೆಯವ್ರು ಬಿಸಾಕ್ತಿದ್ದ ಎರಡು ಗಾಜಿನ ಭರಣಿ ಹೊಸದಾಗಿ ಸೇರಿತ್ತು.

ಆಗ ಅವ್ರ ಅಜ್ಜಿ ವಿಷಯ ಕೇಳಿದೆ. ಚನ್ನರಾಯಪಟ್ಟಣದ ಕಡೆ ಹಳ್ಳಿ, ತೊಟ್ಟಿ ಮನೆ. ಅಜ್ಜಿ ಏನೇನು ಉಳಿಸ್ತಿದ್ರು ಅಂತ ಕಣ್ಣರಳಿಸ್ಕೊಂಡು ಹೇಳಿದ್ರು. ಹುಣಸೆಹಣ್ಣು ಸಿಕ್ಕೋ ಕಾಲಕ್ಕೆ ಬೀಜ ನಾರು ತೆಗೆದು ಉಪ್ಪು ಬೆರೆಸಿ ಉಂಡೆ ಕಟ್ಟಿ ಭರಣಿಗೆ ತುಂಬಿಡೋದು, ಆ ನಾರಲ್ಲೇ ಹಿತ್ತಾಳೆ ಪಾತ್ರೆ ಬೆಳಗೋದು. ಅವರೆಕಾಳು ಕಾಲದಲ್ಲಿ ಸಿಪ್ಪೆ ಎಲ್ಲಾ ದನಕ್ಕೆ. ಹಳೆ ಸೀರೆ ಮಗುವಿನ ತೊಟ್ಟಿಲಿಗೆ, ಆಮೇಲೆ ದುಪ್ಪಟಿಗೆ, ಆಮೇಲೆ ಮಸಿಬಟ್ಟೆಗೆ, ಕೊನೆಗೆ ಒಲೆಗೆ. ನಾನು ಒಂದೇ ಒಂದು ಪ್ರಶ್ನೆ ಕೇಳಿದೆ, ಹುಣಸೆಹಣ್ಣು ಬಿಡಿಸೋಕೆ ಯಾರ್ಯಾರು ಕೂರ್ತಿದ್ರು ಅಂತ. ಸ ಬೆರಳಲ್ಲಿ ಎಣಿಸೋಕೆ ಶುರು ಮಾಡಿದ್ರು. ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ, ಗಂಡ ತೀರಿಹೋಗಿ ತವರಿಗೆ ಬಂದಿದ್ದ ಸೋದರತ್ತೆ, ತೋಟದ ಕೆಲಸಕ್ಕೆ ಬರ್ತಿದ್ದ ಇಬ್ರು, ರಜಕ್ಕೆ ಹೋದ ನಾವು ಮಕ್ಕಳು ಐದು ಜನ... ಹನ್ನೊಂದಕ್ಕೆ ಬಂದು ನಿಂತ್ರು. ಕೈ ಹಂಗೇ ತೊಡೆ ಮೇಲೆ ಇಟ್ಕೊಂಡು ತುಂಬಾ ಹೊತ್ತು ಸುಮ್ನೆ ಕೂತಿದ್ರು.

ಅಜ್ಜಿ ಮನೇಲಿ ದನ ಇತ್ತು, ಒಲೆ ಇತ್ತು, ತಿಪ್ಪೆ ಇತ್ತು. ವಸ್ತು ಒಳಗೆ ಬರ್ತಿತ್ತು, ಕೈಯಿಂದ ಕೈಗೆ ಹೋಗಿ ಒಂದಿನ ಮುಗಿದು ಹೋಗ್ತಿತ್ತು. ಸ ಅವ್ರ ಮನೇಲಿ ಒಳಗೆ ಬಂದಿದ್ದು ಮುಗಿಯೋದೇ ಇಲ್ಲ, ಯಾಕಂದ್ರೆ ಮುಗಿಸೋಕೆ ಇರೋದು ಎರಡೇ ಕೈ. ಆಗ್ಲೇ ನನಗೆ ಹೊಳೆದಿದ್ದು, ಅಟ್ಟದ ಮೇಲೆ ಇರೋದು ಸಾಮಾನಲ್ಲ, ಬಾಕಿ ಕೆಲಸ ಅಂತ. ರಾತ್ರಿ ಮಲಗಿದ್ರೆ ಆ ಬಾಕಿ ಕೆಲಸವೆಲ್ಲಾ ತಲೆ ಮೇಲೆ ಕೂತಿರುತ್ತೆ, ನಿದ್ದೆ ಹೆಂಗೆ ಬರುತ್ತೆ.

ಹೋಮ್‌ವರ್ಕ್ ಕೊಟ್ಟೆ. ಏನನ್ನೂ ಬಿಸಾಕಬೇಡಿ, ಬರೀ ಬರ್ಕೊಂಡು ಬನ್ನಿ. ಯಾವ ವಸ್ತು, ಅದಕ್ಕೆ ಏನು ಮಾಡ್ಬೇಕು ಅಂತ ಇಟ್ಟಿದೀರ, ಎಷ್ಟು ಗಂಟೆ ಹಿಡಿಯುತ್ತೆ, ಯಾರು ಮಾಡ್ತಾರೆ. ಮಗನ ಹಳೇ ನೋಟ್‌ಬುಕ್ಕಿನ ಖಾಲಿ ಹಾಳೇಲಿ ಎರಡು ಪುಟ ಬರ್ಕೊಂಡು ಬಂದ್ರು, ಗೆರೆ ಎಳೆದು, ನೀಟಾಗಿ. ಹಳೆ ಸೀರೆ 14, ದುಪ್ಪಟಿ ಹೊಲಿಯೋದು, 40 ಗಂಟೆ. ಉಲ್ಲನ್ ಸ್ವೆಟರ್ 5, ಬಿಚ್ಚಿ ಮತ್ತೆ ಹೆಣೆಯೋದು, 60 ಗಂಟೆ. ಗಾಜಿನ ಬಾಟ್ಲು 62, ಲೇಬಲ್ ನೆನೆಸಿ ಕಿತ್ತು ಬಿಸಿನೀರಲ್ಲಿ ತೊಳೆದು ಒಣಗಿಸೋದು, 8 ಗಂಟೆ. ಮಾವನ ಕಾಲದ ಹಿತ್ತಾಳೆ ಪಾತ್ರೆ 11, ಬೆಳಗಿ ಕಲಾಯಿ ಹಾಕಿಸೋದು, 9 ಗಂಟೆ. ಸೋಪಿನ ಚೂರು ಕರಗಿಸೋದು, ಕಿತ್ತಳೆ ಸಿಪ್ಪೆ ಪುಡಿ ಮಾಡೋದು, ಕೆಟ್ಟ ಮಿಕ್ಸಿ ರಿಪೇರಿಗೆ ಹೊತ್ಕೊಂಡು ಹೋಗೋದು. ಕೊನೇ ಕಾಲಂನಲ್ಲಿ 'ಯಾರು' ಅಂತ ಇದ್ದ ಕಡೆ ಮೇಲಿಂದ ಕೆಳಗಿನವರೆಗೂ 'ನಾನು', 'ನಾನು', 'ನಾನು'. ಅರ್ಧ ಪುಟ ಆದ್ಮೇಲೆ ಬರೆಯೋಕೂ ಬೇಜಾರಾಗಿ ಬರೀ ಚುಕ್ಕಿ ಹಾಕಿದ್ರು. ಒಟ್ಟು 186 ಗಂಟೆ. ದಿನಾ ಒಂದು ಗಂಟೆ ಬಿಡುವು ಸಿಕ್ಕಿದ್ರೂ ಆರು ತಿಂಗಳ ಕೆಲಸ, ಅದೂ ಇವತ್ತಿಂದ ಹೊಸದು ಏನೂ ಸೇರದೇ ಇದ್ರೆ.

ಆ ಲಿಸ್ಟ್ ನೋಡಿ ಗಂಡ ಸುಮ್ನಾದ್ರು. ಮುಂದಿನ ಸಿಟ್ಟಿಂಗ್ ಅವ್ರದ್ದೇ. ಮನೆ ಸಾಲ ಎಷ್ಟು ಬಾಕಿ, ತಿಂಗಳಿಗೆ ಎಷ್ಟು ಕಮ್ಮಿ ಬೀಳ್ತಿದೆ, ಇವರಿಗೆ ಹೇಳಿದೀರಾ ಅಂತ ಕೇಳಿದೆ. "ಯಾಕೆ ಸುಮ್ನೆ ಟೆನ್ಷನ್ ಕೊಡೋದು ಅಂತ..." ಎಳೆದ್ರು. ಅಂದ್ರೆ ಎರಡು ವರ್ಷದಿಂದ ಈ ಹೆಂಗಸು ಎಷ್ಟು ಉಳಿಸಬೇಕು ಅಂತಾನೇ ಗೊತ್ತಿಲ್ದೆ ಉಳಿಸ್ತಿದಾರೆ! ಗುರಿ ಗೊತ್ತಿಲ್ದೆ ಇದ್ರೆ ಸಾಕು ಅಂತ ಯಾವಾಗ ನಿಲ್ಲಿಸೋದು? ಅಜ್ಜಿ ಅಕ್ಕಿ ಹಾಕ್ತಿದ್ದಿದ್ದು ಪಾವಲ್ಲಿ ಅಳೆದು, ಇಷ್ಟು ಜನಕ್ಕೆ ಇಷ್ಟು ಪಾವು, ಅಷ್ಟೇ. ಇವ್ರಿಗೆ ಅಳತೆನೇ ಇಲ್ಲ. ಅಲ್ಲೇ ಪೇಪರ್ ಮೇಲೆ ಲೆಕ್ಕ ಬರೆಸಿದೆ, ಮಗನ ಫೀಸು, ಸಾಲದ ಕಂತು, ಅತ್ತೆ ಔಷಧಿ ಎಲ್ಲಾ. ತಿಂಗಳಿಗೆ ಕಮ್ಮಿ ಬೀಳ್ತಿದ್ದಿದ್ದು ಸುಮಾರು ನಾಲ್ಕು ಸಾವಿರ. ಸ ಗಂಡನ ಕಡೆ ತಿರುಗಿ "ಇಷ್ಟೇನಾ? ನಾನು ಮನೆ ಹೋಗ್ಬಿಡುತ್ತೆ ಅನ್ಕೊಂಡಿದ್ದೆ" ಅಂದ್ರು. ಆ ರೂಮಲ್ಲಿ ಆಮೇಲೆ ಸ್ವಲ್ಪ ಹೊತ್ತು ನಾನು ಇರೋ ಅವಶ್ಯಕತೆ ಇರ್ಲಿಲ್ಲ, ಕಾಫಿ ತರ್ತೀನಿ ಅಂತ ಎದ್ದು ಹೋದೆ.

ಸಲಹೆ ಅಂತ ಕೊಟ್ಟಿದ್ದು ಆಮೇಲೆ. ಹಾಲಿನ ಕವರಿಂದಾನೇ ಶುರು ಮಾಡಿದ್ವಿ. ನೂರು ಕವರ್ ತೂಕ ಹಾಕಿ ಅಂದೆ, ಕಾಲು ಕೆಜಿ ಬಂತು. ಅಂದ್ರೆ ಒಂದು ಕೆಜಿಗೆ 400 ಕವರ್, ದಿನಕ್ಕೆ ಮೂರರಂತೆ ನಾಲ್ಕೂವರೆ ತಿಂಗಳು. ಕತ್ತರಿಸಿ, ತೊಳೆದು, ದಾರಕ್ಕೆ ಹಾಕಿ, ತೆಗೆದು ಮಡಚೋಕೆ ಒಂದಕ್ಕೆ ಒಂದೂವರೆ ನಿಮಿಷ ಅಂದ್ರೂ ಹತ್ತು ಗಂಟೆ. ಗುಜರಿಯವ್ನು ಕೊಟ್ಟಿದ್ದು ಇಪ್ಪತ್ತು ರೂಪಾಯಿ. ಇದಕ್ಕೋಸ್ಕರ ಮಗನ ಕೆನ್ನೆ. ಸ ಈ ಲೆಕ್ಕ ತಾವೇ ಮಾಡಿದ್ದು, ನಾನು ಬಾಯಿ ಬಿಡಲಿಲ್ಲ. ಕವರನ್ನ ಒಂದ್ಸಲ ನೀರಲ್ಲಿ ಜಾಲಿಸಿ ಒಣ ಕಸದ ಜೊತೆ ಕೊಟ್ಟುಬಿಡಿ, ಅದೂ ವೇಸ್ಟ್ ಆಗಲ್ಲ, ಬೇರೆಯವ್ರ ಕೈಗೆ ಹೋಗುತ್ತೆ ಅಷ್ಟೇ ಅಂದೆ.

ಹಂಗಂತ ಎಲ್ಲಾ ಬಿಡಿ ಅಂತ ನಾನು ಹೇಳಲಿಲ್ಲ, ಹೇಳೋದೂ ಇಲ್ಲ. ಬಿಳಿ ಗೋಡೆ, ಒಂದು ಕುರ್ಚಿ, ಒಂದು ಹೂಕುಂಡ ಇಟ್ಕೊಂಡು ಇದೇ ನೆಮ್ಮದಿ ಅನ್ನೋ ವಿಡಿಯೋಗಳ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ, ಇರೋದೆಲ್ಲಾ ಕೊಟ್ಟು ಆಮೇಲೆ ಹೊಸ ಆರ್ಗನೈಸರ್ ಡಬ್ಬ ತರಿಸ್ಕೊಳ್ಳೋರನ್ನ ಬೇಕಾದಷ್ಟು ನೋಡಿದೀನಿ. ಸ ಅವ್ರ ಪುಡಿಗಳ ಲೆಕ್ಕ ಬೇರೇನೇ ಇತ್ತು. ಸೀಸನ್ನಲ್ಲಿ ಬ್ಯಾಡಗಿ ಮೆಣಸಿನಕಾಯಿ, ಧನಿಯ ತಗೊಂಡು ಬಿಸಿಲಿಗೆ ಹಾಕಿ ಹುರಿದು ಮಿಲ್ಲಿಗೆ ಕೊಟ್ರೆ ಅರ್ಧ ದಿನದ ಕೆಲಸ, ಪುಡಿ ಆರು ತಿಂಗಳು ಬರುತ್ತೆ. ವರ್ಷದ ಹುಣಸೆಹಣ್ಣು, ರಾಗಿ ತಂದು ಆಗಾಗ ಸ್ವಲ್ಪ ಸ್ವಲ್ಪ ಹಿಟ್ಟು ಮಾಡಿಸೋದು, ಕಾಳು ರಾತ್ರಿನೇ ನೆನೆಸಿ ಬೇಯಿಸೋದು, ಇವೆಲ್ಲಾ ನಿಜವಾದ ಉಳಿತಾಯ, ಇವು ಇರ್ಲಿ. ಸೀಗೆಪುಡಿ ಇಷ್ಟ ಇದ್ರೆ ಇರ್ಲಿ, ಆದ್ರೆ ದುಡ್ಡು ಉಳಿಯುತ್ತೆ ಅಂತ ಬೇಡ. ಬಟ್ಟೆಗೆ ಮೆಷಿನ್ ಹಾಕಿ, ಯಾಕಂದ್ರೆ ಭುಜಕ್ಕೆ ಫಿಸಿಯೋಥೆರಪಿ ಅಂತ ಓಡಾಡೋ ಖರ್ಚು ಕರೆಂಟ್ ಬಿಲ್ಲಿಗಿಂತ ಜಾಸ್ತಿ.

ಬಾಟ್ಲಿಗೆ ಒಂದು ಶೆಲ್ಫ್, ಅದ್ರಲ್ಲಿ ಹಿಡಿಯೋದು ಹನ್ನೆರಡು, ಹದಿಮೂರನೇದು ಒಳಗೆ ಬಂದ್ರೆ ಒಂದು ಹೊರಗೆ. ಮಿಕ್ಕ ಐವತ್ತನ್ನ ಉಪ್ಪಿನಕಾಯಿ ಮಾಡಿ ಮಾರೋ ಒಬ್ಬರಿಗೆ ಸ ತಾವೇ ಕೈಯಾರೆ ಕೊಟ್ಟು ಬಂದ್ರು. ಕೈಯಾರೆ ಅನ್ನೋದು ಮುಖ್ಯ. ಆಕೆ ಊರಲ್ಲಿ ಇಲ್ದೇ ಇರೋವಾಗ ಗಂಡ ಆಗ್ಲಿ ಮಗ ಆಗ್ಲಿ ಒಂದು ರಬ್ಬರ್‌ಬ್ಯಾಂಡೂ ಬಿಸಾಕಂಗಿಲ್ಲ ಅಂತ ಅವ್ರಿಬ್ರ ಹತ್ರ ಮಾತು ತಗೊಂಡೆ, ಒಂದ್ಸಲ ಕದ್ದು ಬಿಸಾಕಿದ್ರೆ ಆಮೇಲೆ ಅವ್ರು ಹತ್ತು ಪಟ್ಟು ಬಿಗಿಯಾಗಿ ಹಿಡ್ಕೋತಾರೆ. ಹನ್ನೆರಡು ಸೀರೆ ದುಪ್ಪಟಿ ಹೊಲಿಯೋರಿಗೆ ಕೂಲಿ ಕೊಟ್ಟು ಹೊಲಿಸಿದ್ದಾಯ್ತು. ಮಿಕ್ಕ ಎರಡು ಅವ್ರ ಅಮ್ಮಂದು. ಅವಕ್ಕೆ ಲಿಸ್ಟಲ್ಲಿ 'ದುಪ್ಪಟಿ' ಅಂತ ಬರೆದಿದ್ರು, ಯಾಕೆ ಅಂದ್ರೆ "ಸುಮ್ನೆ ಇಟ್ಕೊಂಡಿದೀನಿ ಅಂದ್ರೆ ದಂಡ ಅಲ್ವಾ ಮೇಡಂ" ಅಂದ್ರು. ಸುಮ್ನೆ ಇಟ್ಕೊಳ್ಳಿ, ಅದಕ್ಕೆ ಏನೂ ಕೆಲಸ ಹೇಳಬೇಡಿ ಅಂದೆ. ಕಣ್ಣು ಒರೆಸ್ಕೊಂಡಿದ್ದು ಆಗ ಒಂದೇ ಸಲ.

'ಯಾರು' ಕಾಲಂ ಕೂಡ ಬದಲಾಯ್ತು. ರಾಗಿ ಮಿಲ್ಲು ಗಂಡಂದು, ಕವರ್ ಜಾಲಿಸೋದು ಮಗಂದು, ಬೆಳ್ಳುಳ್ಳಿ ಸುಲಿಯೋದು ಅತ್ತೆದು, ಅವ್ರಂತೂ ಯಾರಾದ್ರೂ ಕೇಳ್ತಾರಾ ಅಂತ ಕಾಯ್ತಾ ಕೂತಿದ್ರಂತೆ. ಮಗನ ಹತ್ರ ಕ್ಷಮೆ ಕೇಳೋ ವಿಷಯದಲ್ಲಿ ನಾನು ಬಲವಂತ ಮಾಡ್ಲಿಲ್ಲ, ಒಂದಿನ ಅವನಿಗೆ ಇಷ್ಟ ಅಂತ ಶಾವಿಗೆ ಒತ್ತೋವಾಗ ಪಕ್ಕಕ್ಕೆ ಕರೆದು ಹೇಳಿದ್ರಂತೆ. ಎಲ್ಲಾ ಸರಿ ಹೋಯ್ತು ಅಂತೇನಿಲ್ಲ, ಸ್ವೆಟರ್ ಐದೂ ಇನ್ನೂ ಅಟ್ಟದಲ್ಲೇ ಇದೆ, ಮಿಕ್ಸಿನೂ. ಈಗ ಲಿಸ್ಟಲ್ಲಿ 71 ಗಂಟೆ ಇದೆ. ನಿದ್ದೆ ಬರ್ತಿದೆ.

ಕೊನೇ ಸಿಟ್ಟಿಂಗಿಗೆ ಬಂದಾಗ ನನಗೆ ಒಂದು ಬಾಟ್ಲು ಚಟ್ನಿಪುಡಿ ತಂದಿದ್ರು. ಬಾಗಿಲ ತನಕ ಹೋದವ್ರು ತಿರುಗಿ ನಿಂತು, ಸ್ವಲ್ಪ ಸಂಕೋಚದಲ್ಲೇ, "ಮೇಡಂ, ಪುಡಿ ಖಾಲಿ ಆದ್ಮೇಲೆ ಬಾಟ್ಲು ವಾಪಸ್ ಕೊಡ್ಬೇಕು, ಹನ್ನೆರಡರಲ್ಲಿ ಒಂದು ಅದು" ಅಂದ್ರು.