ಸೀರಿಯಲ್ ಮಾನಿಟರ್‌ನಲ್ಲಿ ಬರೀ ಕಸ ಬರುತ್ತಿದೆ, ಬೋರ್ಡ್ ಸುಟ್ಟಿದೆಯಾ?

ಕಂಪ್ಯೂಟರ್‌ನಲ್ಲಿ ಪೋರ್ಟ್ ಕಾಣಿಸುತ್ತದೆ, ಆದರೆ ಬೋರ್ಡ್ ಕಳಿಸಿದ್ದನ್ನು ತೋರಿಸುವ ಸೀರಿಯಲ್ ಮಾನಿಟರ್‌ನಲ್ಲಿ ಇಎಸ್‌ಪಿ-01 ಅನ್ನುವ ಪುಟ್ಟ ವೈಫೈ ಬೋರ್ಡ್‌ನಿಂದ ಚೌಕ, ಪ್ರಶ್ನೆ ಚಿಹ್ನೆಗಳೇ ಬರುತ್ತಿವೆ ಅಂದಿದ್ದೀರಿ. ಹೆದರಬೇಡಿ, ಸುಟ್ಟಿರಲಿಕ್ಕಿಲ್ಲ. ಸುಟ್ಟ ಬೋರ್ಡ್ ಸಾಮಾನ್ಯವಾಗಿ ಬಾಯೇ ಬಿಡುವುದಿಲ್ಲ.

ಕಸ ಯಾವಾಗ ಬರುತ್ತದೆ ನೋಡಿ. ಪವರ್ ಕೊಟ್ಟ ಕೂಡಲೇ ಒಂದೆರಡು ಸಾಲು ಕಸ, ಆಮೇಲೆ ನಿಮ್ಮ ಪ್ರೋಗ್ರಾಂ ಕಳಿಸಿದ್ದು ಸರಿಯಾಗಿ ಬಂದರೆ ಅದು ತಪ್ಪೇ ಅಲ್ಲ. ಈ ಬೋರ್ಡ್ ಮೇಲಿರುವ 8266 ಚಿಪ್‌ನ ಬೂಟ್ ಕೋಡ್ (ಪವರ್ ಬಂದ ಕೂಡಲೇ ಮೊದಲು ಓಡುವ ಕೋಡ್) ತನ್ನ ಪಕ್ಕ 40 ಮೆಗಾಹರ್ಟ್ಸ್ ಕ್ರಿಸ್ಟಲ್ (ಚಿಪ್‌ಗೆ ತಾಳ ಕೊಡುವ ಭಾಗ) ಇದೆ ಅಂದುಕೊಂಡು 115200 ಬಾಡ್ ರೇಟ್‌ನಲ್ಲಿ, ಅಂದರೆ ಸೆಕೆಂಡಿಗೆ ಅಷ್ಟು ಬಿಟ್ ವೇಗದಲ್ಲಿ, ಮಾತಾಡಲು ಹೊರಡುತ್ತದೆ. ಬೋರ್ಡ್ ಮೇಲಿರುವುದು 26ರದ್ದು. 115200ನ್ನು 26/40ರಿಂದ ಗುಣಿಸಿದರೆ 74880 ಆಗುತ್ತದೆ, ಅಲ್ವಾ? ಮಾನಿಟರನ್ನು ಆ ಬಾಡ್ ರೇಟ್‌ಗೆ ಇಟ್ಟು ಪವರ್ ತೆಗೆದು ಹಾಕಿ. ಕಸವಿದ್ದಲ್ಲಿ ‘ಬೂಟ್ ಮೋಡ್’ ಅಂತ ಓದಲು ಸಿಗುತ್ತದೆ, ಪಕ್ಕದಲ್ಲಿ ಎರಡು ಅಂಕಿ. ಮೊದಲನೆಯದು 3 ಆದರೆ ಪ್ರೋಗ್ರಾಂ ಇರುವ ಫ್ಲ್ಯಾಶ್ ಮೆಮೊರಿಯಿಂದ ಶುರುವಾಗಿದೆ. 1 ಆದರೆ ಜಿಪಿಐಒ-0 ಪಿನ್ ಇನ್ನೂ ಗ್ರೌಂಡ್‌ನಲ್ಲೇ ಇದೆ. ಪ್ರೋಗ್ರಾಂ ಅಪ್‌ಲೋಡ್ ಮಾಡಲು ಆ ಪಿನ್ನನ್ನು ಗ್ರೌಂಡ್‌ಗೆ ಸೇರಿಸಿದ್ದ ವಯರ್ ಆಮೇಲೆ ಕೀಳಲು ಮರೆತಿದ್ದೀರಿ. ನಾನು ಇವತ್ತಿಗೂ ಮರೆಯುತ್ತೇನೆ.

ಪೂರ್ತಿ ಕಸವೇ ಆದರೆ ಪ್ರೋಗ್ರಾಂನಲ್ಲಿ ಬರೆದ ಬಾಡ್ ರೇಟೂ ಮಾನಿಟರ್‌ನದ್ದೂ ಒಂದೇ ಇದೆಯಾ ನೋಡಿ.

ಒಮ್ಮೆ ಸರಿ, ಒಮ್ಮೆ ಕಸ ಆಗುತ್ತಿದ್ದರೆ ಗ್ರೌಂಡ್ ವಯರ್ ಮುಟ್ಟಿ ನೋಡಿ. ನೀವು ಕುಮಟಾದವರು ಅಂತ ಬರೆದಿದ್ದಕ್ಕೇ ಹೇಳುತ್ತಿದ್ದೇನೆ. ಕಾರವಾರದ ನಮ್ಮ ಮನೆ ಟ್ಯಾಂಕಿಗೆ ನೀರಿನ ಮಟ್ಟ ನೋಡಲು ಇದೇ ಬೋರ್ಡ್ ಹಾಕಿದ್ದೆ. ಮಳೆಗಾಲದಲ್ಲಿ ಇದ್ದಕ್ಕಿದ್ದಂತೆ ಕಸ ಶುರುವಾಯಿತು. ಡ್ರೈವರ್ ಬದಲಿಸಿದೆ, ಕೇಬಲ್ ಬದಲಿಸಿದೆ, ಎರಡು ದಿನ ಹೋಯಿತು. ಕೊನೆಗೆ ಜಂಪರ್ ವಯರ್ ಅಲ್ಲಾಡಿಸಿದಾಗ ಗೊತ್ತಾಯಿತು: ಒತ್ತಿ ಹಿಡಿದರೆ ಅಕ್ಷರ ಸರಿ, ಬಿಟ್ಟರೆ ಕಸ. ಕಿತ್ತು ನೋಡಿದರೆ ತುದಿಯಲ್ಲಿ ಹಸಿರು ಕಿಲುಬು. ಉಪ್ಪು ಗಾಳಿಯ ಕೆಲಸ. ಈಗ ಜಂಪರ್ ಬಳಸುವುದಿಲ್ಲ, ಬೆಸುಗೆ ಹಾಕಿಬಿಡುತ್ತೇನೆ.

ಬೋರ್ಡನ್ನು ಕಂಪ್ಯೂಟರಿನ ಯುಎಸ್‌ಬಿಗೆ ಸೇರಿಸುವ ಕನ್ವರ್ಟರ್ ಮೇಲೇ ಅನುಮಾನ ಇದ್ದರೆ ಬೋರ್ಡ್ ಬಿಚ್ಚಿ, ಕನ್ವರ್ಟರ್‌ನ ಟಿಎಕ್ಸ್ (ಕಳಿಸುವ), ಆರ್‌ಎಕ್ಸ್ (ಪಡೆಯುವ) ಪಿನ್ ಎರಡನ್ನೂ ಒಂದು ವಯರ್‌ನಿಂದ ಸೇರಿಸಿ. ಕಳಿಸಿದ್ದು ಹಾಗೇ ವಾಪಸ್ ಬಂದರೆ ಅದು ಚೆನ್ನಾಗಿದೆ.

ಇನ್ನೊಂದು, ಕನ್ವರ್ಟರ್‌ನ 3.3 ವೋಲ್ಟ್ ಪಿನ್‌ನಿಂದಲೇ ಬೋರ್ಡಿಗೆ ಪವರ್ ಕೊಡುತ್ತಿದ್ದೀರಾ? ಕನ್ವರ್ಟರ್‌ನಲ್ಲಿರುವುದು ಎಫ್‌ಟಿ232ಆರ್ ಚಿಪ್ ಆದರೆ ಅಲ್ಲಿ ಸಿಗುವುದು 50 ಮಿಲಿಆಂಪ್ ಮಾತ್ರ. ವೈಫೈ ಶುರುವಾದರೆ 8266 ಅದಕ್ಕಿಂತ ಎಷ್ಟೋ ಜಾಸ್ತಿ ಎಳೆಯುತ್ತದೆ, ರೀಸೆಟ್ ಆಗುತ್ತಲೇ ಇರುತ್ತದೆ. ಬೇರೆ ಸಪ್ಲೈ ಕೊಟ್ಟರೂ ಗ್ರೌಂಡ್ ಮಾತ್ರ ಬೋರ್ಡ್, ಕನ್ವರ್ಟರ್ ಎರಡಕ್ಕೂ ಒಂದೇ ಇರಲಿ.

74880ರಲ್ಲಿ ಏನು ಬಂತು ಅಂತ ಇಲ್ಲೇ ಹಾಕಿ, ನೋಡುತ್ತೇನೆ.