ಚಪಲ್ ಹಡಗು ನೋಡಿ ಬಂದ ಹುಡುಗನಿಗೆ ಏನು ಓದಿಸಬೇಕು?

ಕಾರವಾರದ ಕಡಲತೀರದಲ್ಲಿ ಪ್ರದರ್ಶನಕ್ಕಿಟ್ಟಿರುವ ನೌಕಾಪಡೆಯ ಹಳೆಯ ಚಪಲ್ ಹಡಗು ನೋಡಿದಾಗಿನಿಂದ ಪಿಯುಸಿ ಓದುವ ಮಗ 1971ರ ನೌಕಾಯುದ್ಧದ ಪುಸ್ತಕ ಬೇಕು ಅಂತ ಹಟ ಹಿಡಿದಿದ್ದಾನೆ, ಕನ್ನಡದ್ದೂ ಇದ್ರೆ ಹೇಳಿ ಅಂದಿದ್ರಲ್ಲ. ನಾನೂ ಇದೇ ಊರಿನವನು, ಹಾಗಾಗಿ ಒಂದು ಮಾತು ಮೊದಲೇ ಹೇಳಿಬಿಡ್ತೀನಿ: ಚಪಲ್ ಆ ಯುದ್ಧದಲ್ಲಿ ಇರಲಿಲ್ಲ. ಅದು ನೌಕಾಪಡೆಗೆ ಸೇರಿದ್ದೇ 1976ರಲ್ಲಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಗೆ ನುಗ್ಗಿದ್ದು ಅದೇ ಜಾತಿಯ ಹಳೆಯ ಕ್ಷಿಪಣಿ ದೋಣಿಗಳು: ನಿಪಾತ್, ನಿರ್ಘಾತ್, ವೀರ್.

ಮೊದಲು ಇಯಾನ್ ಕಾರ್ಡೋಜೋ ಅವರ 'ದಿ ಸಿಂಕಿಂಗ್ ಆಫ್ ಐಎನ್ಎಸ್ ಖುಕ್ರಿ' ಕೊಡಿಸಿ. ಅದೇ ಯುದ್ಧದಲ್ಲಿ ದಿಯು ಹತ್ತಿರ ಮುಳುಗಿದ ನಮ್ಮ ಯುದ್ಧನೌಕೆ ಖುಕ್ರಿಯಲ್ಲಿ ಬದುಕಿ ಉಳಿದವರ ಮಾತುಗಳವು. ಇಂಗ್ಲಿಷಾದರೂ ಹುಡುಗ ಕೆಳಗಿಡಲಾರ. ಹಿರಾನಂದಾನಿಯವರ 'ಟ್ರಾನ್ಸಿಷನ್ ಟು ಟ್ರಯಂಫ್' 1965ರಿಂದ 75ರವರೆಗಿನ ನೌಕಾಪಡೆಯ ಇತಿಹಾಸ. ದಪ್ಪ ಪುಸ್ತಕ, ಈಗಲೇ ಬೇಡ.

ಕನ್ನಡದಲ್ಲಿ ದಳವಿಯವರ 'ಹಿಮಾಲಯನ್ ಬ್ಲಂಡರ್' ಇದೆ, ಅನುವಾದ ರವಿ ಬೆಳಗೆರೆಯವರದು. ಕಡಲಿನದ್ದಲ್ಲ, 1962ರ ಸೋಲಿನದ್ದು. ಚೀನೀಯರ ಕೈಗೆ ಸೆರೆಸಿಕ್ಕ ಬ್ರಿಗೇಡಿಯರ್ ಬರೆದದ್ದು, ಸಿಟ್ಟು ಪುಟಪುಟದಲ್ಲೂ ಕುದಿಯುತ್ತೆ. ನನ್ನ ಪ್ರಕಾರ ಸೋಲಿನ ಪುಸ್ತಕಗಳೇ ಹೆಚ್ಚು ಕಲಿಸ್ತವೆ.

ಹಾಂ, ನಮ್ಮ ಕಾರವಾರದ ಹತ್ತಿರದ ಚೆಂಡಿಯಾ ಹಳ್ಳಿಯ ರಾಮ ರಾಘೋಬ ರಾಣೆಯವರನ್ನು ಮರೆಯಬೇಡಿ. 1948ರಲ್ಲಿ ಜಮ್ಮು-ಕಾಶ್ಮೀರದ ರಜೌರಿ ದಾರಿಯಲ್ಲಿ ಟ್ಯಾಂಕಿನ ಅಡಿಗೇ ತೆವಳುತ್ತಾ, ಹಗ್ಗ ಎಳೆದು ಚಾಲಕನಿಗೆ ಸನ್ನೆ ಕೊಡುತ್ತಾ ಮುಂದೆ ಸಾಗಿದವರು, ಪರಮವೀರ ಚಕ್ರ ಪಡೆದವರು. ರಚನಾ ಬಿಷ್ಟ್ ರಾವತ್ ಅವರ 'ದಿ ಬ್ರೇವ್'ನಲ್ಲಿ ಅವರ ಕತೆ ಇದೆ. ಮುಂದಿನ ಸಲ ಬಂದಾಗ ಚಪಲ್ ಜೊತೆ ಅವರ ಪ್ರತಿಮೆಯನ್ನೂ ತೋರಿಸಿ.